ತುಟಿಗೆ ಅಂಟುವ ಮಗ್ಗುಲು

ಎಸ್.ಪಿ. ರೋಡಿನ ಅಡ್ಡಗಲ್ಲಿ,
ಮೇಲೆ ವೈರುಗಳ ಸಿಕ್ಕು, ಕೆಳಗೆ ಎಳನೀರಿನ ಬುರುಡೆ.
ಜವೇರಿಲಾಲ್ ಕೇಳುತ್ತಾನೆ: ಗ್ಲಾಸಿಯಾ, ಮ್ಯಾಟಾ, ಅಕ್ಕ?
ನೂರಾ ಮೂವತ್ತು ಗ್ರಾಮಾ, ನೂರಾ ತೊಂಬತ್ತಾ?
ಅವನ ಕೈ ಆಗಲೇ ಹೊಳೆಯುವ ಪ್ಯಾಕೆಟ್ಟಿನ ಮೇಲಿದೆ.
"ಇದರಲ್ಲಿ ಎಲ್ಲರೂ ಚೆನ್ನಾಗಿ ಕಾಣ್ತಾರೆ."

ಎಲ್ಲರೂ ಬೇಡಪ್ಪ ನನಗೆ. ಒಬ್ಬಳು ಸಾಕು.

ಕಾಮಾಕ್ಷಿಪಾಳ್ಯದ ನಮ್ಮ ಓಣಿಗೆ
ಬೆಳಿಗ್ಗೆ ಏಳೂವರೆಗೆ ದಂಟು, ಕೀರೆ, ಸಬ್ಬಸಿಗೆ ಹೊತ್ತು ಬರುವ
ಪಿಳ್ಳಮ್ಮನ ಹತ್ತಿರ ಇರುವುದು ಮೂರೇ ಫೋಟೋ,
ಮೂರರಲ್ಲೂ ಬೇರೆ ಯಾರೋ ಇದ್ದಾರೆ.
ಸ್ಟುಡಿಯೋದವನು ಕೇಳದೆಯೇ ಬಿಳಿ ಹಚ್ಚಿದ್ದಾನೆ.
ಛತ್ರದಲ್ಲಿ ಫ್ಲ್ಯಾಶು ಹಣೆಯನ್ನೇ ತಿಂದುಹಾಕಿದೆ.
ಗುರುತಿನ ಚೀಟಿಯಲ್ಲಿ ಒಂದು ಮಸಿ, ಅದರೊಳಗೆ ಎರಡು ಕಣ್ಣು.
"ನಂದೊಂದು ತಗ್ದುಕೊಡವ್ವ" ಅಂದಳು
ಕೊತ್ತಂಬರಿಗೆ ಇನ್ನೊಂದು ಹಿಡಿ ಕೊಸರು ಹಾಕುತ್ತಾ.

ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ
ರಕ್ತದ ಸ್ಲೈಡಿಗೆ ಬಣ್ಣ ಉಣಿಸಿದವಳು ನಾನು.
ನೇರಳೆ ಒಂದು ನಿಮಿಷ ಹೆಚ್ಚಾದರೂ
ಇಲ್ಲದ ಕಾಯಿಲೆ ಕಾಣುತ್ತದೆಂದು ಬಲ್ಲೆ.
ಆದರೂ ಮೊದಲ ಪ್ರಿಂಟಿನಲ್ಲಿ ಪಿಳ್ಳಮ್ಮ
ನೇರಳೆಹಣ್ಣು ತಿಂದ ನಾಲಿಗೆಯಂತೆ ಬಂದಳು.
ಅಗ್ಗದ ಇಂಕು, ಬಾಟಲಿಗೆ ನೂರಾ ನಲವತ್ತು.
ಎರಡನೆಯದರಲ್ಲಿ ಮೈತುಂಬಾ ಅಡ್ಡಗೆರೆ,
ನಾಝಲು ನೆಗಡಿಯ ಮೂಗಿನಂತೆ ಕಟ್ಟಿಕೊಂಡಿತ್ತು.
ತೊಳೆದುಕೋ ಅಂತ ಬಟನ್ ಒತ್ತಿದರೆ ಗೊರಗೊರ ಅಂದು
ಕಾಲು ಬಾಟಲಿ ತಾನೇ ಕುಡಿದು ಸುಮ್ಮನಾಯಿತು ಪ್ರಿಂಟರು.
ಮೂರನೆಯದರಲ್ಲಿ ಬಣ್ಣ ಇಳಿಯಲೇ ಇಲ್ಲ,
ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಓಡಾಡಿತು.
ಕಾಗದವನ್ನು ಮಗುಚಿ ಹಾಕಿದ್ದೆ.

"ಮೂಲೆಯನ್ನು ತುಟಿಗೆ ತಾಗಿಸಿ ನೋಡಿ ಅಕ್ಕ,
ಅಂಟುವ ಮಗ್ಗುಲೇ ಬಣ್ಣ ಕುಡಿಯೋದು."
ನೋಡಿದೆ. ಅವನಂಗಡಿಯ ಮುಂದೆಯೇ,
ಅರವತ್ತರ ಹೆಂಗಸು ಬಿಳಿ ಹಾಳೆಗೆ ಮುತ್ತಿಡುತ್ತಾ.
ಮಾನಿಟರು ಹೊತ್ತ ಹುಡುಗ ನಿಂತು ನಕ್ಕ.
ನಗಲಿ.

ಯುಗಾದಿಯಂದು ಕಿಟಕಿಯ ಸರಳಿಗೆ ಎರಡು ಪಟ್ಟಿ ಕಟ್ಟಿದ್ದೆ,
ಒಂದು ನಮ್ಮದು, ಒಂದು ಪಕ್ಕದ ಮನೆ ಫಿಲೋಮಿನಾಳ ಪ್ರಿಂಟರಿನದು,
ಅರ್ಧರ್ಧ ರಟ್ಟು ಮುಚ್ಚಿ.
ಗೌರಿಹಬ್ಬಕ್ಕೆ ಬಿಚ್ಚಿದಾಗ
ನಮ್ಮದರ ಕೆಂಪು, ಹೇಳದೆ ಕೇಳದೆ ಮನೆ ಖಾಲಿ ಮಾಡಿತ್ತು.
ಅವಳದು ಪಿಗ್ಮೆಂಟು, ಕೊಂಚ ಮಂಕು,
ಆದರೆ ರಟ್ಟಿನ ಒಳಗೂ ಹೊರಗೂ ಒಂದೇ ಮಾತು.
ಹೊಳೆಯುವ ಕಾಗದದ ಮೇಲೆ ಅದು ನಿಲ್ಲದು,
ಉಜ್ಜಿದರೆ ಕಾಡಿಗೆಯಂತೆ ಬೆರಳಿಗೆ ಬರುತ್ತದೆ.
ಹಾಗಾಗಿ ಮ್ಯಾಟು, ಜವೇರಿಲಾಲ್. ನೂರಾ ತೊಂಬತ್ತು.

ಭಾನುವಾರ ಟ್ರೇನಿಂದ ಇಷ್ಟಿಷ್ಟೇ ಇಳಿದಳು ಪಿಳ್ಳಮ್ಮ:
ಮೊದಲು ಬೈತಲೆ, ಆಮೇಲೆ ಹುಬ್ಬಿನ ಗಾಯದ ಕಲೆ,
ಹುರಿದ ರಾಗಿಯ ಬಣ್ಣದ ಕೆನ್ನೆ,
ಕತ್ತಿನ ಮಡಿಕೆಯಲ್ಲಿ ಅದೇ ಬಣ್ಣ ಇನ್ನೊಂದು ಪಾಲು ಗಾಢವಾಗಿ.

ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು.
ಬೀದಿಯಲ್ಲಿ ಗ್ಯಾಸಿನ ಗಾಡಿ ಬಂದು ಹೋಯಿತು, ಇನ್ನೂ ನೋಡುತ್ತಿದ್ದಳು.
"ಸೀರೆ ಸರ್ಯಾಗೈತೆ" ಅಂದಳು,
"ಒಗ್ದೂ ಒಗ್ದೂ ಹಿಂಗೇ ಆಗೋಗಿರೋದು."
ಮುಖ?
"ಮುಖ ಬಿಡವ್ವ, ಇರಾದೇ ಅದು."
ಕಾಗ್ದ ಗಟ್ಟಿ ಐತಲ್ಲ ಅಂದಳು.
ನೂರಾ ತೊಂಬತ್ತು ಗ್ರಾಂ ಅಂದೆ.
ಅಂಗೈಯಲ್ಲಿಟ್ಟು ಎರಡು ಸಲ ಎತ್ತಿ ಇಳಿಸಿದಳು,
"ಯಾವನವ್ವ ನಿಂಗೆ ತೂಕ ಹಾಕಿದ್ದು? ಹತ್ತೂ ಇಲ್ಲ."
ಚದರ ಮೀಟರಿನ ಲೆಕ್ಕ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಒದ್ದೆ ಗೋಣಿಯ ಮೇಲೆ ಇಡಬೇಡ ಅಂತ ಕೂಗುವಷ್ಟರಲ್ಲಿ
ಎಲೆಯಡಿಕೆ ಚೀಲದೊಳಗೆ ಸೇರಿಸಿಯಾಗಿತ್ತು.
ಗೇಟಿನ ತನಕ ಹೋದವಳು ತಿರುಗಿದಳು:
"ಇದು ನಂಗಾಯ್ತು.
ಬೀಗ್ರ ಮನೇಗೆ ಒಂದು ಬೆಳ್ಳಗಿರಾದು ತಗಿ."

ಕಪಾಟಿನಲ್ಲಿ ಹೊಳೆಯುವ ಕಾಗದ
ಹದಿನೇಳು ಹಾಳೆ ಉಳಿದಿದೆ.